ಬಟಾಣಿ ಯಾಕೆ ಮೇಲೆ ಬರಲಿಲ್ಲ: ಕೆಂಗೇರಿ ಉಪನಗರದ ಒಂದು ಮಡಿ

ಕೆಂಗೇರಿ ಉಪನಗರದಲ್ಲಿ ನಮ್ಮ ಮನೆಯಿಂದ ಎರಡು ರಸ್ತೆ ಆಚೆ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ಅವರ ಮನೆ ಪಕ್ಕದ ಸೈಟು ಖಾಲಿ. ಸೈಟಿನ ಯಜಮಾನರು ಬೇರೆ ಊರಲ್ಲಿದ್ದಾರೆ. ಅವರನ್ನು ಕೇಳಿಕೊಂಡು ಮೇಷ್ಟ್ರು ಮತ್ತು ಅವರ ಮನೆಯವರು ಅಲ್ಲಿ ತರಕಾರಿ ಬೆಳೆಯುತ್ತಾರೆ. ದಂಟು, ಮೆಂತ್ಯ, ಮೂಲಂಗಿ, ಬದನೆ, ಬೇಲಿ ಮೇಲೆ ಅವರೆ. ಎಲ್ಲವೂ ಚೆನ್ನಾಗೇ ಬರುತ್ತಿತ್ತು. ಈ ಸಲ ದಸರಾ ಮುಗಿದ ಕೂಡಲೇ ಬಟಾಣಿ ಹಾಕಿದರು. ಮೊಮ್ಮಗಳಿಗೆ ಗಿಡದಿಂದಲೇ ಕಿತ್ತು ಹಸಿ ಬಟಾಣಿ ತಿನ್ನಿಸಬೇಕು ಅನ್ನೋದು ಆಸೆ.

ಮಡಿ 20 ಅಡಿ ಉದ್ದ, ನಾಲ್ಕಡಿ ಅಗಲ. ಒಂದು ತುದಿ ಕಾಂಪೌಂಡ್ ಗೋಡೆಗೆ ತಾಗುತ್ತದೆ, ಇನ್ನೊಂದು ತುದಿ ಇಳಿಜಾರಾಗಿ ಮೋರಿ ಕಡೆ ಇಳಿಯುತ್ತದೆ. ಕೆ.ಆರ್. ಮಾರ್ಕೆಟ್ ಹತ್ತಿರದ ಒಂದು ಬೀಜದಂಗಡಿಯಿಂದ ಆರ್ಕೆಲ್ ತಳಿಯ ಪೊಟ್ಟಣ ತಂದಿದ್ದರು. ಕೊನೆಯ ಸಾಲಿಗೆ ಬೀಜ ಸಾಲದೆ, ಅಡುಗೆಮನೆ ಡಬ್ಬದಲ್ಲಿದ್ದ ಒಣ ಬಟಾಣಿಯನ್ನೇ ಹಾಕಿದರು. ಎರಡು ವಾರ ಕಳೆದರೂ ಮಡಿಯಲ್ಲಿ ಕಂಡಿದ್ದು ಹತ್ತಕ್ಕೆ ಒಂದೂ ಇಲ್ಲ. ಅಲ್ಲೊಂದು ಇಲ್ಲೊಂದು ಬಡಕಲು ಸಸಿ, ಅಷ್ಟೇ. ಪಕ್ಕದ ಮಡಿಯಲ್ಲಿ ಅದೇ ದಿನ ಚೆಲ್ಲಿದ್ದ ಮೆಂತ್ಯ ಮಾತ್ರ ಒತ್ತೊತ್ತಾಗಿ ಎದ್ದಿತ್ತು.

ಅದನ್ನು ನೋಡಿ ಮೇಷ್ಟ್ರು ತೀರ್ಪು ಕೊಟ್ಟೇಬಿಟ್ಟರು. "ಮಣ್ಣು ಸರಿಯಿದೆ, ನೀರು ಸರಿಯಿದೆ. ಬೀಜವೇ ಡೂಪ್ಲಿಕೇಟು." ಅವರ ಮನೆಯವರನ್ನು ನಾವೆಲ್ಲ ಅಮ್ಮ ಅಂತಲೇ ಕರೆಯೋದು. ಅಮ್ಮನ ಪ್ರಕಾರ ಎಲ್ಲ ಮಳೆಗೆ ಕೊಳೆತಿದೆ. ಎದುರು ಮನೆ ಅಜ್ಜಿ ಕೈಗುಣ ಅಂದರು. ಮೇಷ್ಟ್ರು ಹೊಸ ಪೊಟ್ಟಣ ತರೋಕೆ ಚೀಲ ಹಿಡಿದು ಹೊರಟಿದ್ದರು.

ನನ್ನ ಅಭಿಪ್ರಾಯ ಒಂದೇ. ಬೀಜ ಮೇಲೆ ಬರಲಿಲ್ಲ ಅಂದರೆ ಮೊದಲು ಅಗೆದು ನೋಡಬೇಕು. ಬಟಾಣಿ ದಪ್ಪ ಕಾಳು. ಎರಡು ವಾರವಾದರೂ ಮಣ್ಣೊಳಗೆ ಅದರ ಗುರುತು ಸಿಕ್ಕೇ ಸಿಗುತ್ತದೆ. ಏನಾಯ್ತು ಅಂತ ಅದೇ ಹೇಳುತ್ತದೆ. ಕಾರಣ ಗೊತ್ತಾಗದೆ ಮತ್ತೆ ಬಿತ್ತಿದರೆ ಹೊಸ ಬೀಜಕ್ಕೂ ಅದೇ ಗತಿ. "ಮೇಷ್ಟ್ರೇ, ಮಾರ್ಕೆಟ್ಟು ಎಲ್ಲೂ ಓಡಿಹೋಗಲ್ಲ, ಒಂದು ಹಳೇ ಚಮಚ ಕೊಡಿ" ಅಂದೆ.

ಅಗೆದಾಗ ಸಿಕ್ಕಿದ್ದು

ಮೊದಲು ಮೋರಿ ಕಡೆಯ ತಗ್ಗು. ಇಲ್ಲಿ ಸರಿ ಇದ್ದವರು ಅಮ್ಮ. ಕಾಳುಗಳು ಇದ್ದ ಜಾಗದಲ್ಲೇ ಇದ್ದವು. ಮೇಲ್ನೋಟಕ್ಕೆ ಉಬ್ಬಿಕೊಂಡು ಚೆನ್ನಾಗೇ ಕಂಡವು. ಬೆರಳಲ್ಲಿ ಒತ್ತಿದರೆ ಸಿಪ್ಪೆ ಒಡೆದು ಒಳಗಿಂದ ಬೂದು ಬಣ್ಣದ ಪೇಸ್ಟು. ಮೂರು ದಿನ ಹೊರಗೇ ಮರೆತ ದೋಸೆ ಹಿಟ್ಟಿನ ವಾಸನೆ. ಒಂದೆರಡರಲ್ಲಿ ಅರ್ಧ ಅಂಗುಲ ಬೇರು ಬಂದು, ತುದಿ ಕಂದಾಗಿ ನಿಂತುಹೋಗಿತ್ತು.

ಚಿತ್ತೆ, ಸ್ವಾತಿ ಮಳೆ ಬೆಂಗಳೂರಿನಲ್ಲಿ ಹೇಗಿರುತ್ತೆ ಅಂತ ಗೊತ್ತಲ್ಲ. ಸಂಜೆ ನಾಲ್ಕಕ್ಕೆ ಮೋಡ, ಐದಕ್ಕೆ ರಸ್ತೆಯೆಲ್ಲ ನೀರು. ತಗ್ಗಿನ ಮಣ್ಣಲ್ಲಿ ಆ ನೀರು ಇಂಗದೆ ನಿಂತರೆ ಮಣ್ಣಿನ ಸಂದುಗಳಲ್ಲಿ ಗಾಳಿಗೆ ಜಾಗವೇ ಇರುವುದಿಲ್ಲ. ಬಟಾಣಿ ಕಾಳು ಮೊಳೆಯೋಕೆ ಹೆಚ್ಚುಕಮ್ಮಿ ತನ್ನ ತೂಕದಷ್ಟೇ ನೀರು ಕುಡಿಯುತ್ತದೆ. ಕುಡಿದ ಮೇಲೆ ಅದಕ್ಕೆ ಬೇಕಾಗುವುದು ಉಸಿರಾಡೋಕೆ ಆಮ್ಲಜನಕ. ಅದು ಸಿಗದಿದ್ದರೆ ಕಾಳಿನೊಳಗಿನ ಸಕ್ಕರೆ ಹೊರಗೆ ಸೋರುತ್ತದೆ. ಮಣ್ಣಲ್ಲಿರುವ ಪೈಥಿಯಂ ಥರದ ಕೊಳೆ ರೋಗದ ಜೀವಿಗಳು ಆ ಸಿಹಿಗೇ ಕಾದಿರುತ್ತವೆ.

ಇಲ್ಲಿ ತಳಿಯ ಗುಣವೂ ಸೇರಿಕೊಂಡಿದೆ. ಆರ್ಕೆಲ್ ಸುಕ್ಕು ಬೀಜದ ತಳಿ. ಮೆಂಡೆಲ್ ತನ್ನ ಪ್ರಯೋಗದಲ್ಲಿ ಗುಂಡು ಬೀಜ, ಸುಕ್ಕು ಬೀಜ ಅಂತ ಬೇರ್ಪಡಿಸಿದ್ದು ಶಾಲೆಯಲ್ಲಿ ಓದಿರ್ತೀವಿ. ಸುಕ್ಕು ಬೀಜದಲ್ಲಿ ಸಕ್ಕರೆ ಜಾಸ್ತಿ, ಪಿಷ್ಟ ಕಮ್ಮಿ. ತಿನ್ನೋಕೆ ಸಿಹಿ, ಅದಕ್ಕೇ ತರಕಾರಿ ಬಟಾಣಿಯಲ್ಲಿ ಇಂಥವೇ ಹೆಚ್ಚು. ಆದರೆ ಒದ್ದೆ ಮಣ್ಣಿನಲ್ಲಿ ಗುಂಡು ಬೀಜಕ್ಕಿಂತ ಇವೇ ಬೇಗ ಕೊಳೆಯುತ್ತವೆ.

ಮಾತಾಡುತ್ತಾ ಇನ್ನೊಂದು ವಿಷಯ ಹೊರಬಿತ್ತು. ಮೇಷ್ಟ್ರು ಬೀಜವನ್ನು ರಾತ್ರಿ ನೆನೆಹಾಕಿದ್ದರು. ಮಾರನೇ ದಿನ ಮಳೆ ಅಂತ ಬಿತ್ತಲಿಲ್ಲ. ಅದರ ಮಾರನೇ ದಿನದವರೆಗೂ ಕಾಳು ನೀರಲ್ಲೇ ಇತ್ತು. "ನೀರು ಪಿಂಕ್ ಆಗಿತ್ತು. ಏನೋ ಬಣ್ಣ ಹಾಕಿದ್ದಾರೆ ಅಂತ ಚೆನ್ನಾಗಿ ತೊಳೆದೆ" ಅಂದರು. ಆ ಪಿಂಕ್ ಬಣ್ಣ ಸುಮ್ನೆ ಹಾಕಿದ್ದಲ್ಲ. ಬೀಜದಂಗಡಿಯಲ್ಲಿ ಸಿಗುವ ಬಟಾಣಿಗೆ ಥೈರಾಮ್ ಅಥವಾ ಕ್ಯಾಪ್ಟಾನ್ ಥರದ ಶಿಲೀಂಧ್ರನಾಶಕ ಲೇಪಿಸಿರುತ್ತಾರೆ. ಇದು ಔಷಧಿ ಹಾಕಿದ ಬೀಜ, ಯಾರೂ ತಿನ್ನಬಾರದು ಅಂತ ಗೊತ್ತಾಗಲಿ ಅಂತಲೇ ಬಣ್ಣ ಸೇರಿಸೋದು. ಮಣ್ಣಲ್ಲಿ ಮೊದಲ ವಾರ ಕಾಳನ್ನು ಕಾಯಬೇಕಿದ್ದ ಔಷಧಿಯೇ ಬಕೆಟ್ಟಿನಲ್ಲಿ ಉಳಿಯಿತು. ಮೇಲಿಂದ, ಅಷ್ಟು ಹೊತ್ತು ನೀರಲ್ಲಿ ಮುಳುಗಿದ್ದ ಕಾಳು ಮಣ್ಣಿಗೆ ಬೀಳುವ ಮೊದಲೇ ಉಸಿರುಕಟ್ಟಿತ್ತು. ಆ ನೀರನ್ನು ಕರಿಬೇವಿನ ಗಿಡಕ್ಕೆ ಹುಯ್ದಿದ್ದರಂತೆ. ಸ್ವಲ್ಪ ದಿನ ಆ ಗಿಡದ ಸೊಪ್ಪು ಕೀಳಬೇಡಿ ಅಂತ ಅಮ್ಮನಿಗೆ ಹೇಳಿದೆ.

ಬಟಾಣಿ ನೆನೆಹಾಕಲೇಬೇಕು ಅನ್ನೋದು ಅಡುಗೆಮನೆಯಿಂದ ಹೊಲಕ್ಕೆ ಬಂದ ಅಭ್ಯಾಸ ಅಂತ ನನ್ನ ಅನುಮಾನ. ಮಣ್ಣು ಒಣಗಿದ್ದರೆ ನಾಲ್ಕಾರು ಗಂಟೆ ನೆನೆಸಿದರೆ ಒಂದೆರಡು ದಿನ ಬೇಗ ಮೊಳೆಯಬಹುದು. ಮಳೆಗಾಲದ ಹಸಿ ಮಣ್ಣಿಗೆ ಒಣ ಕಾಳೇ ಸರಿ. ತುಂಬ ಒಣಗಿದ ಕಾಳು ಒಮ್ಮೆಲೇ ನೀರು ಹೀರಿದರೆ ಒಳಗಿನ ಬೇಳೆ ಬಿರುಕು ಬಿಡುತ್ತದೆ. ಹದವಾದ ಮಣ್ಣಲ್ಲಿ ಅದು ನಿಧಾನವಾಗಿ ಕುಡಿಯುತ್ತದೆ.

ಮಡಿಯ ಮಧ್ಯದ ಕಥೆಯೇ ಬೇರೆ. ಇಲ್ಲಿ ನೀರು ನಿಲ್ಲುವುದಿಲ್ಲ. ಚಮಚ ಹಾಕಿದರೆ ಮೇಲ್ಮಣ್ಣು ಒಂದು ಹಪ್ಪಳದಷ್ಟು ದಪ್ಪ ಪದರವಾಗಿ ಎದ್ದು ಬಂತು. ಅದರ ಅಡಿಯಲ್ಲಿ ಮೊಳಕೆಗಳಿದ್ದವು! ಕಾಳು ಗಟ್ಟಿಯಾಗಿತ್ತು, ಬೇರು ಮೂರು ನಾಲ್ಕು ಅಂಗುಲ ಕೆಳಗಿಳಿದಿತ್ತು. ಕಾಂಡ ಮಾತ್ರ ಮೇಲಕ್ಕೆ ಬಂದಿರಲಿಲ್ಲ. ಬೆಳ್ಳಗೆ, ಗಿಡ್ಡಗೆ, ಇರಬೇಕಾದ್ದಕ್ಕಿಂತ ಎರಡರಷ್ಟು ದಪ್ಪವಾಗಿ, ಆ ಪದರದ ಕೆಳಗೇ ಅಡ್ಡಡ್ಡ ಹರಿದಿತ್ತು. ತುದಿ ಹಳದಿ, ಕೊಕ್ಕೆಯ ಹಾಗೆ ಬಾಗಿತ್ತು. ಮೇಷ್ಟ್ರು ಒಂದನ್ನು ಕೈಯಲ್ಲಿ ಹಿಡಿದು "ಇದೇನು, ರೋಗವಾ?" ಅಂದರು.

ರೋಗವಲ್ಲ. ಬಟಾಣಿ ಸಸಿಯ ಈ ನಡವಳಿಕೆಗೆ ವಿಜ್ಞಾನದ ಚರಿತ್ರೆಯಲ್ಲೇ ಒಂದು ಜಾಗವಿದೆ. ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ದಿಮಿತ್ರಿ ನೆಲ್ಯುಬೋವ್ ಅನ್ನುವ ಸಸ್ಯವಿಜ್ಞಾನಿ ಪ್ರಯೋಗಾಲಯದ ಕತ್ತಲಲ್ಲಿ ಬಟಾಣಿ ಸಸಿ ಬೆಳೆಸುತ್ತಿದ್ದ. ಅವು ನೆಟ್ಟಗೆ ಬೆಳೆಯದೆ ಗಿಡ್ಡಗೆ, ದಪ್ಪಗೆ, ಅಡ್ಡಡ್ಡ ಬೆಳೆಯುತ್ತಿದ್ದವು. ಹೊರಗಿನ ಗಾಳಿ ಕೊಟ್ಟರೆ ನೆಟ್ಟಗಾಗುತ್ತಿದ್ದವು. ಆಗ ದೀಪಕ್ಕೆ ಗ್ಯಾಸ್ ಉರಿಸುತ್ತಿದ್ದ ಕಾಲ. ಆ ಗ್ಯಾಸಿನಲ್ಲಿದ್ದ ಎಥಿಲೀನ್ ಇದಕ್ಕೆ ಕಾರಣ ಅಂತ ಅವನು 1901ರಲ್ಲಿ ಪ್ರಕಟಿಸಿದ. ಗಿಡಗಳು ಎಥಿಲೀನನ್ನು ತಾವೇ ತಯಾರಿಸುತ್ತವೆ ಅನ್ನೋದು ಆಮೇಲೆ ಗೊತ್ತಾಯ್ತು. ಮೊಳಕೆಗೆ ಮೇಲೆ ಏನಾದರೂ ಅಡ್ಡ ಬಂದರೆ ಅದು ಎಥಿಲೀನ್ ಬಿಡುತ್ತದೆ. ಕಾಂಡ ದಪ್ಪವಾಗಿ ಬಲ ಕೂಡಿಸಿಕೊಳ್ಳುತ್ತದೆ, ಪಕ್ಕಕ್ಕೆ ಸರಿದು ದಾರಿ ಹುಡುಕುತ್ತದೆ. ಕಲ್ಲು ಅಡ್ಡ ಬಂದರೆ ಈ ಉಪಾಯ ಸಾಕು. ಮಡಿಗೆ ಮಡಿಯೇ ಮುಚ್ಚಿಕೊಂಡರೆ ಎಲ್ಲಿಗೆ ಅಂತ ಸರಿಯುತ್ತದೆ? ಕಾಳಿನಲ್ಲಿರುವ ಬುತ್ತಿ ಮುಗಿಯುವವರೆಗೆ ಅಲ್ಲೇ ಸುತ್ತುತ್ತದೆ.

ಪದರ ಹೇಗೆ ಬಂತು ಅಂದರೆ, ನಮ್ಮ ಕೆಂಪು ಮಣ್ಣಿನ ಸ್ವಭಾವವೇ ಅದು. ಸಾವಯವ ಅಂಶ ಕಮ್ಮಿಯಿರುವ ಮಣ್ಣಿನ ಮೇಲೆ ದಪ್ಪ ಹನಿ ಬಿದ್ದರೆ ಹೆಂಟೆ ಒಡೆದು ನುಣ್ಣಗಾಗುತ್ತದೆ. ಎರಡು ದಿನ ಬಿಸಿಲು ಬಿದ್ದರೆ ಗಾರೆ ಮಾಡಿದ ಹಾಗೆ ಗಟ್ಟಿಯಾಗುತ್ತದೆ. ಮೇಷ್ಟ್ರು ಬಿತ್ತಿದ ಮೇಲೆ ಹಲಗೆಯಿಂದ ತಟ್ಟಿದ್ದರು. ಮಳೆ ಬಿಟ್ಟ ದಿನ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ರಭಸವಾಗಿ ನೀರು ಹಾಯಿಸಿದ್ದರು. ಜೊತೆಗೆ ಬಿತ್ತಿದ್ದು ಪೂರ್ತಿ ಬೆರಳಿನ ಆಳಕ್ಕೆ. ಅಂದರೆ ಸುಮಾರು 7 ಸೆಂಟಿಮೀಟರ್. ಬಟಾಣಿಗೆ 3ರಿಂದ 4 ಸೆಂಟಿಮೀಟರ್ ಸಾಕು. ಮೆಂತ್ಯ ಯಾಕೆ ಬಂತು ಅಂದರೆ, ಅದು ಮಣ್ಣಿನ ಮೇಲ್ಗಡೆಯೇ ಇತ್ತು. ಪದರ ಕಟ್ಟುವ ಮೊದಲೇ, ಮೂರೇ ದಿನಕ್ಕೆ ತಲೆ ಎತ್ತಿತ್ತು. ಮೆಂತ್ಯ ಬಂದ ಮಾತ್ರಕ್ಕೆ ಬಟಾಣಿಗೂ ಮಣ್ಣು ಸರಿಯಿದೆ ಅಂತ ಹೇಳೋಕಾಗಲ್ಲ.

ಗೋಡೆ ಪಕ್ಕ ಅಗೆದರೆ ಏನೂ ಇಲ್ಲ. ಕಾಳು ಇಲ್ಲ, ಕೊಳೆತ ಗುರುತೂ ಇಲ್ಲ. ಸಾಲಿನುದ್ದಕ್ಕೂ ಅಲ್ಲಲ್ಲಿ ಕೊಳವೆಯಾಕಾರದ ಸಣ್ಣ ಗುಳಿ, ಪಕ್ಕದಲ್ಲಿ ಬಿಡಿಸಿ ಬಿಸಾಡಿದ ಸಿಪ್ಪೆ. ಇಲಿಯೋ ಅಳಿಲೋ ಇರಬೇಕು. ಗೋಡೆಯಾಚೆ ಸೀಬೆ ಮರ, ಮರದ ತುಂಬ ಅಳಿಲು. ಪಾರಿವಾಳವಾಗಿದ್ದರೆ ಹೀಗಿರುವುದಿಲ್ಲ. ಅವು ಮೇಲೆ ಬಂದ ಎಳೆ ಸಸಿಯನ್ನು ಕುಕ್ಕಿ ಎಳೆಯುತ್ತವೆ, ಅರ್ಧ ಕಿತ್ತ ಸಸಿ ಅಲ್ಲೇ ಬಿದ್ದಿರುತ್ತದೆ. ಮಳೆಗಾಲದಲ್ಲಿ ಬರುವ ದೊಡ್ಡ ಆಫ್ರಿಕನ್ ಬಸವನಹುಳು ತಿಂದಿದ್ದರೆ ಹೊಳೆಯುವ ಲೋಳೆಯ ಗೆರೆ ಬಿಟ್ಟುಹೋಗುತ್ತದೆ.

ಇಲ್ಲಿ ಒಂದು ಸಮಾಧಾನದ ವಿಷಯ ಹೇಳಿಬಿಡ್ತೀನಿ. ಹುರುಳಿಕಾಯಿ ಬೀಜ ಮೊಳೆತಾಗ ಬೇಳೆಯನ್ನು ಹೊತ್ತುಕೊಂಡೇ ಮಣ್ಣಿನ ಮೇಲೆ ಬರುತ್ತದೆ. ಅದರ ಕತ್ತು ಮುರಿದರೆ ಕಥೆ ಮುಗಿಯಿತು. ಬಟಾಣಿ ಹಾಗಲ್ಲ. ಬೇಳೆ ಮಣ್ಣೊಳಗೇ ಉಳಿಯುತ್ತದೆ, ಕಾಂಡ ಮಾತ್ರ ಮೇಲೆ ಬರುತ್ತದೆ. ಹಕ್ಕಿ ತುದಿ ಕಿತ್ತರೂ ಮಣ್ಣಿನ ಕೆಳಗಿರುವ ಗಿಣ್ಣಿನಿಂದ ಹೊಸ ಚಿಗುರು ಬರೋದುಂಟು. ತುದಿ ಹೋಯ್ತು ಅಂತ ಅವಸರಪಟ್ಟು ಸಸಿ ಕೀಳಬಾರದು. ಆದರೆ ಕಾಳನ್ನೇ ಇಲಿ ಹೊತ್ತೊಯ್ದರೆ ಏನು ಮಾಡೋಕಾಗುತ್ತೆ?

ಅಡುಗೆಮನೆ ಬಟಾಣಿಯ ಸಾಲಿನ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ. ಕೆಲವು ಮೊಳೆತಿದ್ದವು, ಹೆಚ್ಚಿನವು ಸುಮ್ಮನೆ ಉಬ್ಬಿ ಸತ್ತಿದ್ದವು. ದಿನಸಿ ಅಂಗಡಿಯ ಬಟಾಣಿ ತಿನ್ನೋಕೆ ಅಂತ ಬಂದಿದ್ದು. ಎಷ್ಟು ಹಳೆಯದು, ಯಾವ ತಳಿ, ಗೋದಾಮಿನಲ್ಲಿ ಯಾವ ಹೊಗೆ ಹಾಕಿದ್ದಾರೆ, ಒಂದೂ ತಿಳಿಯದು. ಹುಳ ಕೊರೆದ ತೂತಿದ್ದ ಕಾಳುಗಳೂ ಅದರಲ್ಲಿದ್ದವು. ಬೆಳೆದರೂ ಸಿಹಿ ತರಕಾರಿ ಬಟಾಣಿ ಸಿಗುವ ಭರವಸೆಯಿಲ್ಲ.

ಬೀಜದ ಮೇಲಿನ ಆಪಾದನೆ

ಹಾಗಾದರೆ ಪೊಟ್ಟಣದ ಬೀಜ ಡೂಪ್ಲಿಕೇಟಾ? ಪೊಟ್ಟಣದ ತಳದಲ್ಲಿ, ಒಂದು ಸಾಲಿಗೂ ಸಾಲದ ಒಂದು ಹಿಡಿ ಉಳಿದಿತ್ತು. ನೆನೆಸದೆ, ತೊಳೆಯದೆ ಇದ್ದದ್ದು. ಅದರಲ್ಲಿ 20 ಕಾಳು ಎಣಿಸಿಕೊಂಡೆವು. ಒಂದು ಹಳೇ ಹತ್ತಿ ಪಂಚೆಯ ತುಂಡನ್ನು ನೀರಲ್ಲಿ ಅದ್ದಿ, ನೀರು ತೊಟ್ಟಿಕ್ಕದ ಹಾಗೆ ಹಿಂಡಿ, ಕಾಳುಗಳನ್ನು ಒಂದಕ್ಕೊಂದು ತಾಗದಂತೆ ಸಾಲಾಗಿಟ್ಟು ಸುರುಳಿ ಸುತ್ತಿದರು ಅಮ್ಮ. ಮುಚ್ಚಳ ಸಡಿಲವಿಟ್ಟ ಒಂದು ಹಳೇ ಪ್ಲಾಸ್ಟಿಕ್ ಡಬ್ಬದಲ್ಲಿ, ಒಲೆಯಿಂದ ದೂರ. ಔಷಧಿ ಬೀಜಕ್ಕೆ ಊಟದ ಡಬ್ಬ ಬಳಸಬಾರದು, ಮುಟ್ಟಿದ ಮೇಲೆ ಕೈ ಸೋಪು ಹಾಕಿ ತೊಳೀಬೇಕು. ಬಟ್ಟೆ ಒಣಗಿದಾಗ ಕೈಯಿಂದ ಸ್ವಲ್ಪ ಚಿಮುಕಿಸೋದು, ಅಷ್ಟೇ ಕೆಲಸ.

ಬೀಜ ಪರೀಕ್ಷೆಯ ಪ್ರಯೋಗಾಲಯಗಳಲ್ಲೂ ಬಟಾಣಿಗೆ ಇಂಥದ್ದೇ ಕ್ರಮ. 20 ಡಿಗ್ರಿ ಉಷ್ಣತೆ, ಐದನೇ ದಿನ ಮೊದಲ ಎಣಿಕೆ, ಎಂಟನೇ ದಿನ ಕೊನೆಯ ಎಣಿಕೆ. ನಮ್ಮ ದೇಶದ ಬೀಜ ಪ್ರಮಾಣೀಕರಣದ ಪ್ರಕಾರ ಬಟಾಣಿಯಲ್ಲಿ ಕನಿಷ್ಠ 75 ಶೇಕಡ ಮೊಳೆಯಬೇಕು. ಎಂಟನೇ ದಿನ ಅಮ್ಮ ಸುರುಳಿ ಬಿಚ್ಚಿದಾಗ 17 ಕಾಳಿಗೆ ಗಟ್ಟಿ ಬೇರು ಬಂದಿತ್ತು. ಒಂದು ಬೇರಿಲ್ಲದೆ ಒಡೆದಿತ್ತು, ಎರಡು ಕಲ್ಲಿನ ಹಾಗೆ ಇದ್ದವು. ಅಂದರೆ 85 ಶೇಕಡ. 20 ಕಾಳಿನ ಲೆಕ್ಕ ಪಕ್ಕಾ ಅಲ್ಲ, ಆದರೆ ಅಂಗಡಿಯವನಿಗೆ ಬೈಯೋಕಂತೂ ಕಾರಣ ಸಿಗಲಿಲ್ಲ. ಮೇಷ್ಟ್ರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಪರೀಕ್ಷೆ ಮಾಡದೆ ಫೇಲ್ ಮಾಡಿಬಿಟ್ಟೆ" ಅಂದರು.

ಮೊಳೆತ ಕಾಳುಗಳನ್ನೂ ಎಸೆಯಲಿಲ್ಲ. ಬೇರು ಮುರಿಯದ ಹಾಗೆ ಒಂದು ಕುಂಡಕ್ಕೆ ಇಟ್ಟರು.

ಎರಡನೇ ಬಿತ್ತನೆ

ಒಂದೇ ಮಡಿಯಲ್ಲಿ ಬೇರೆ ಬೇರೆ ತೊಂದರೆ ಇದ್ದ ಮೇಲೆ ಮದ್ದೂ ಬೇರೆ ಬೇರೆ ಆಗಬೇಕಲ್ವಾ. ಎಲ್ಲಕ್ಕೂ ಮೊದಲು ಕಾದರು. ವಿಶಾಖೆ ಮಳೆ ಹೊಳವು ಕೊಡುವವರೆಗೆ, ಅಂದರೆ ನವೆಂಬರ್ ಮಧ್ಯದವರೆಗೆ. ತಡವಾಯ್ತೇನೋ ಅಂತ ಮೇಷ್ಟ್ರಿಗೆ ಆತಂಕ. ಬಟಾಣಿಯ ಮಟ್ಟಿಗೆ ಅದು ಒಳ್ಳೇ ಹೊತ್ತು. ಬಟಾಣಿ 5 ಡಿಗ್ರಿಯಷ್ಟು ಚಳಿಯಲ್ಲೂ ನಿಧಾನವಾಗಿ ಮೊಳೆಯುತ್ತದೆ, 22ರಿಂದ 24 ಡಿಗ್ರಿಯಲ್ಲಿ ಚೆನ್ನಾಗಿ ಮೊಳೆಯುತ್ತದೆ, 30 ದಾಟಿದರೆ ಕೊಳೆಯೋದೇ ಜಾಸ್ತಿ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿರುವುದರಿಂದ ನವೆಂಬರ್‌ನಲ್ಲಿ ಹಗಲು 27 ಡಿಗ್ರಿಯ ಆಸುಪಾಸು, ರಾತ್ರಿ 17-18. ಇದಕ್ಕಿಂತ ಇನ್ನೇನು ಬೇಕು.

ಮಣ್ಣು ಹದಕ್ಕೆ ಬಂದಿದೆಯಾ ಅಂತ ನೋಡೋದು ಸುಲಭ. ಒಂದು ಹಿಡಿ ಮಣ್ಣು ಉಂಡೆ ಕಟ್ಟಿ ಬೆರಳಲ್ಲಿ ತಳ್ಳಬೇಕು. ಪುಡಿಯಾಗಿ ಉದುರಿದರೆ ಬಿತ್ತಬಹುದು. ಉಂಡೆ ಹಾಗೇ ಇದ್ದು ಕೈಗೆ ಅಂಟಿದರೆ ಇನ್ನೂ ಎರಡು ದಿನ ಬಿಡಬೇಕು.

ಮಡಿಯನ್ನು ಸುಮಾರು 15 ಸೆಂಟಿಮೀಟರ್ ಎತ್ತರಿಸಿದರು. ಹಳೇ ಕೊಟ್ಟಿಗೆ ಗೊಬ್ಬರ ಚೆನ್ನಾಗಿ ಬೆರೆಸಿದರು. ಯೂರಿಯಾ ಹಾಕೋಣವಾ ಅಂತ ಕೇಳಿದರು, ಬೇಡ ಅಂದೆ. ಬಟಾಣಿ ಬೇರಿನ ಗಂಟುಗಳಲ್ಲಿರುವ ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದುಕೊಡುತ್ತದೆ. ಜಾಸ್ತಿ ಸಾರಜನಕ ಹಾಕಿದರೆ ಗಂಟುಗಳೇ ಕಮ್ಮಿಯಾಗುತ್ತವೆ.

ಮಧ್ಯದ ಭಾಗದಲ್ಲಿ ಒಣ ಬೀಜವನ್ನೇ ಬಳಸಿದರು. ಬೆರಳಿನ ಮೊದಲ ಗೆಣ್ಣಿಗಿಂತ ತುಸು ಆಳ, ಕಾಳಿನಿಂದ ಕಾಳಿಗೆ ನಾಲ್ಕು ಬೆರಳು ಅಂತರ, ಸಾಲಿನಿಂದ ಸಾಲಿಗೆ ಒಂದಡಿ. ಬೀಜದ ಮೇಲೆ ಮಡಿಯ ಕೆಂಪು ಮಣ್ಣು ಎಳೆಯಲಿಲ್ಲ. ಜರಡಿ ಹಿಡಿದ ಎರೆಗೊಬ್ಬರ ಮತ್ತು ಮಣ್ಣು ಸಮ ಸಮ ಬೆರೆಸಿ ಮುಚ್ಚಿದರು. ಇದು ಪದರ ಕಟ್ಟುವುದಿಲ್ಲ. ಹಲಗೆ ತಟ್ಟಲಿಲ್ಲ, ಅಂಗೈಯಲ್ಲಿ ಮೆಲ್ಲಗೆ ಒತ್ತಿದರು. ಮೇಲೆ ತೆಳ್ಳಗೆ ಒಣ ಹುಲ್ಲು. ಪೈಪಿಗೆ ರಜೆ ಕೊಟ್ಟು, ಅಮ್ಮ ಗಿಡಕ್ಕೆ ನೀರು ಚಿಮುಕಿಸುವ ತೂತಿನ ಡಬ್ಬ ಹಿಡಿದರು. ಮಣ್ಣು ಮೊದಲೇ ಹದವಾಗಿದ್ದರಿಂದ ಮೊಳಕೆ ಕಾಣುವವರೆಗೆ ನೀರು ಹೆಚ್ಚೇನೂ ಬೇಕಾಗಲಿಲ್ಲ. ದಿನಾ ಬೆಳಗ್ಗೆ ಎದ್ದು ನೀರು ಹಾಕೋ ಅಭ್ಯಾಸದವರನ್ನು ತಡೆಯೋದೇ ಇಲ್ಲಿ ಕಷ್ಟದ ಕೆಲಸ.

ಗೋಡೆ ಪಕ್ಕಕ್ಕೆ ಎರಡು ಉಪಾಯ ಯೋಚಿಸಿದೆವು. ಅರ್ಧ ಭಾಗಕ್ಕೆ ಅರ್ಧ ಅಂಗುಲ ಕಣ್ಣಿನ ತಂತಿ ಜಾಲರಿ ಬಗ್ಗಿಸಿ, ಅಂಚನ್ನು ಮಣ್ಣಲ್ಲಿ ಹೂತು ಮುಚ್ಚಿದೆವು. ಇನ್ನರ್ಧಕ್ಕೆ ಬೀಜ ಬಿತ್ತಲೇ ಇಲ್ಲ. ಪೇಪರ್ ಕಪ್ಪುಗಳ ತಳಕ್ಕೆ ತೂತು ಮಾಡಿ, ಅವುಗಳಲ್ಲಿ ಬಿತ್ತಿ ಮಹಡಿ ಮೇಲೆ ಬಲೆಯೊಳಗೆ ಇಟ್ಟರು. ಬಟಾಣಿ ಸಸಿ ಕಿತ್ತು ನೆಟ್ಟರೆ ಮುನಿಸಿಕೊಳ್ಳುತ್ತದೆ. ಆದರೆ ಎರಡು ಅಂಗುಲ ಇರುವಾಗಲೇ, ಬೇರಿನ ಮುದ್ದೆ ಒಡೆಯದೆ ಕಪ್ಪು ಹರಿದು ಇಟ್ಟರೆ ಅದಕ್ಕೆ ಗೊತ್ತೇ ಆಗುವುದಿಲ್ಲ.

ಎಂಟನೇ ದಿನದ ಹೊತ್ತಿಗೆ ಮಧ್ಯದ ಭಾಗ ಹಸಿರಾಯಿತು. ನಾಲ್ಕಕ್ಕೆ ಮೂರು ಪಾಲಿಗಿಂತ ತುಸು ಹೆಚ್ಚೇ ಬಂತು, ಬಟ್ಟೆ ಪರೀಕ್ಷೆಗೆ ಹತ್ತಿರವೇ. ಜಾಲರಿಯೊಳಗೂ ಚೆನ್ನಾಗಿ ಬಂತು, ಒಂದು ಮೂಲೆಯಲ್ಲಿ ಮಾತ್ರ ಯಾರೋ ಸುರಂಗ ತೋಡಿದ್ದರು. ಅದು ಅಳಿಲಲ್ಲ, ಹೆಗ್ಗಣ. ಕಪ್ಪಿನ ಸಸಿಗಳು ಎಲ್ಲಕ್ಕಿಂತ ಚೆನ್ನಾಗಿ ನಿಂತವು, ಆದರೆ ಅಷ್ಟು ಕೆಲಸ 20 ಅಡಿಗೂ ಮಾಡಿ ಅಂದರೆ ನಾನಂತೂ ಒಲ್ಲೆ. ಸಸಿ ಗೇಣುದ್ದ ಬಂದ ಮೇಲೆ ಅಮ್ಮ ತೊಗರಿ ಕಟ್ಟಿಗೆ ಚುಚ್ಚಿ ಆಸರೆ ಕೊಟ್ಟರು.

ಮೋರಿ ಕಡೆಯ ತಗ್ಗು ಸುಧಾರಿಸಲಿಲ್ಲ. ಮಡಿ ಎತ್ತರಿಸಿದರೂ ಕೆಳಗಿಂದ ನೀರು ಜಿನುಗುತ್ತಲೇ ಇತ್ತು, ಅರ್ಧಕ್ಕಿಂತ ಕಮ್ಮಿ ಬಂತು, ಬಂದವೂ ಹಳದಿಯಾದವು. ಅಲ್ಲಿ ಕಾಲುವೆ ತೋಡಿಸೋಣ ಅಂತ ಮೇಷ್ಟ್ರು ಹೊರಟಿದ್ದರು. ಅಮ್ಮ ಒಪ್ಪಲಿಲ್ಲ. ಆ ಮೂಲೆಗೆ ಕೆಸು ಹಾಕಿದರೆ ಪತ್ರೊಡೆಗಾದರೂ ಆಗುತ್ತೆ, ಅದಕ್ಕೆ ನೀರು ಇದ್ದಷ್ಟೂ ಸಂತೋಷ ಅಂದರು. ನನಗೂ ಅದೇ ಸರಿ ಅನ್ನಿಸಿತು.

ಈಗ ಮೇಷ್ಟ್ರಿಗೆ ಜನವರಿಯಲ್ಲಿ ಇನ್ನೊಂದು ಮಡಿ ಹಾಕುವ ಉತ್ಸಾಹ. ಮೊಳಕೆ ಬರುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಹೂ ಬಿಡುವ ಹೊತ್ತಿಗೆ ಮಾರ್ಚ್ ಬಿಸಿಲು, 30 ಡಿಗ್ರಿ ದಾಟಿದ ಮೇಲೆ ಆರ್ಕೆಲ್‌ನಂಥ ಚಳಿಗಾಲದ ತಳಿಯ ಹೂ ಉದುರುತ್ತದೆ, ಕಾಯಿ ಕಟ್ಟಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಬಿಸಿಲು ತಡೆಯುವ ಅರ್ಕಾ ಚೈತ್ರ, ಅರ್ಕಾ ಉತ್ತಮ್ ಥರದ ತಳಿಗಳನ್ನು ಕೊಟ್ಟಿದ್ದಾರೆ. ಹಾಕುವುದಾದರೆ ಅಂಥದ್ದು ಹಾಕಿ ಅಂದೆ. ಹೆಸರಘಟ್ಟಕ್ಕೆ ಹೋಗಿ ವಿಚಾರಿಸ್ತೀನಿ ಅಂದಿದ್ದಾರೆ. ಬೀಜ ಸಿಕ್ಕರೆ ಅದರಲ್ಲಿ 20 ಕಾಳು ಮೊದಲು ಅಮ್ಮನ ಬಟ್ಟೆಗೆ, ಉಳಿದದ್ದು ಮಡಿಗೆ.